ರದ್ದಿಗೆ ಹೋದ ಚರಿತ್ರೆ

ನಮ್ಮ ಬೊರಿವಲಿಯವರಿಗೆ ಕಾನ್ಹೇರಿ ಗುಹೆಗಳೆಂದರೆ ಮಳೆಗಾಲದ ಒಂದು ಭಾನುವಾರ, ಜೊತೆಗೆ ಮಕ್ಕಳು, ಮಂಗಗಳು ಮತ್ತು ಸುಟ್ಟ ಜೋಳದ ತೆನೆ. ಅಲ್ಲಿನ ಕಲ್ಲುಗಳ ಮೇಲೆ ಕೊರೆದ ಬರಹಗಳೆದುರು ಎರಡು ನಿಮಿಷ ನಿಲ್ಲುವವರು ಕಡಿಮೆ. ಒಂಬತ್ತನೆಯ ಶತಮಾನದಲ್ಲಿ, ಕವಿರಾಜಮಾರ್ಗದ ಕಾಲದ ನಮ್ಮ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ಆಳುತ್ತಿದ್ದಾಗ, ಅವನ ಸಾಮಂತರಾದ ಶಿಲಾಹಾರರು ಈ ಕೊಂಕಣ ಸೀಮೆಯನ್ನು ನೋಡಿಕೊಳ್ಳುತ್ತಿದ್ದರು. ಆಗಿನ ಒಂದು ದಾನಶಾಸನದಲ್ಲಿ ಇಲ್ಲಿನ ಭಿಕ್ಷುಗಳ ವಿಹಾರಕ್ಕೆ ಪೂಜೆಗಿಷ್ಟು, ದುರಸ್ತಿಗಿಷ್ಟು, ಬಟ್ಟೆಗಿಷ್ಟು ಎಂದು ದ್ರಮ್ಮಗಳನ್ನು ಹಂಚಿ, ಪುಸ್ತಕಕ್ಕೆಂದೂ ಬೇರೆಯಾಗಿ ಹಣ ತೆಗೆದಿಟ್ಟಿದ್ದಾರೆ. ಹಗಲೆಲ್ಲ ಲೆಕ್ಕಶೀರ್ಷಿಕೆಗಳ ನಡುವೆ ಬದುಕುವ ನನ್ನಂಥ ಗುಮಾಸ್ತನಿಗೆ ಆ ಸಾಲು ತುಂಬಾ ಹತ್ತಿರದ್ದೆನಿಸುತ್ತದೆ.

ಪುಸ್ತಕವನ್ನು ಕಾಪಾಡಬೇಕೆಂಬ ಬುದ್ಧಿ ಹೀಗೆ ಹಳೆಯದು. ಆದರೆ ಯಾರ ಪುಸ್ತಕವನ್ನು, ಯಾರ ಕಾಗದವನ್ನು ಕಾಪಾಡಬೇಕು ಎಂಬ ಪ್ರಶ್ನೆ ಬೇರೆ. ಈ ಸಲ ನಾನು ಬರೆಯಹೊರಟಿರುವುದು, ಯಾರೂ ಕಾಪಾಡಬೇಕೆಂದುಕೊಳ್ಳದಿದ್ದ ಕಾಗದಗಳನ್ನು ಕೂಡಿಡುತ್ತಿರುವ ಒಂದು ಸಂಗ್ರಹದ ಬಗ್ಗೆ, ಮತ್ತು ಅಂಥ ಸಂಗ್ರಹಗಳು ನಡೆದುಬಂದ ದಾರಿಯ ಬಗ್ಗೆ. ವಿಷಯ ಸಂಸಾರಸ್ಥರ ಪತ್ರಿಕೆಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ನನಗೂ ಬಹಳ ದಿನ ಹಾಗೆಯೇ ತೋರಿತ್ತು. ಅದು ಹೇಗೆ ಬದಲಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಆಶ್ರಯದಲ್ಲಿ 'ಕಮ್ರಾ' ಎಂಬ ಸಂಗ್ರಹವಿದೆ. ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿದ ಹೆಸರು. ಹಿಂದಿ ಬಲ್ಲ ನಮಗೆ 'ಕೋಣೆ' ಎಂಬ ಅರ್ಥವೂ ಕೇಳಿಸುತ್ತದೆ, ಕ್ಯಾಮರಾದ ನೆನಪೂ ಆಗುತ್ತದೆ. 2017ರ ಸುಮಾರಿಗೆ ಆರಂಭವಾದದ್ದು. ಚಿತ್ರನಿರ್ದೇಶಕಿ ಟಿ. ಜಯಶ್ರೀ, ವಕೀಲ ಅರವಿಂದ ನರೈನ್ ಮೊದಲಾದವರು ಅದರ ಹಿಂದಿನವರು. ಜಯಶ್ರೀಯವರು ವರ್ಷಗಟ್ಟಲೆ ಚಿತ್ರೀಕರಿಸಿಟ್ಟುಕೊಂಡಿದ್ದ ದೃಶ್ಯಗಳು, ಮೊಕದ್ದಮೆಯ ಕಾಗದಗಳು, ಪತ್ರಿಕೆಗಳ ತುಣುಕುಗಳು, ಸಂದರ್ಶನಗಳು ಅಲ್ಲಿವೆ. ಗಂಡಸನ್ನೇ ಪ್ರೀತಿಸುವ ಗಂಡಸರು, ಹೆಂಗಸನ್ನೇ ಪ್ರೀತಿಸುವ ಹೆಂಗಸರು, ಹಿಜ್ರಾಗಳು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು – ಇವರ ಬದುಕಿನ ದಾಖಲೆಗಳು.

ನಮ್ಮ ಮನೆಗಳಲ್ಲಿ ಇವರಿಗೆ ಹೆಸರೇ ಇರಲಿಲ್ಲ. 'ಅಂಥವರು' ಎನ್ನುತ್ತಿದ್ದರು, ಇಲ್ಲವೇ ಕೈಸನ್ನೆ ಮಾಡುತ್ತಿದ್ದರು. ಬೆಂಗಳೂರಿನ ಕಾರ್ಯಕರ್ತರು 'ಲೈಂಗಿಕ ಅಲ್ಪಸಂಖ್ಯಾತರು' ಎಂಬ ಮಾತನ್ನು ಚಲಾವಣೆಗೆ ತಂದರು. ಕಚೇರಿಯ ಸುತ್ತೋಲೆಯ ವಾಸನೆ ಇರುವ ಮಾತು ಅದು. ಆದರೂ ಬೈಗಳಲ್ಲದ ಒಂದು ಶಬ್ದ ಸಿಕ್ಕಿತಲ್ಲ.

ನಾನು ಇತಿಹಾಸ ಓದಿದವನಲ್ಲ. ಗಣಿತ ಓದಿ ಬಿ.ಎಸ್ಸಿ. ಮಾಡಿ ಕೇಂದ್ರ ಸರ್ಕಾರದ ಕಚೇರಿ ಸೇರಿದವನು. ಕೆಲವು ವರ್ಷ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿ ಪ್ರತಿಯೊಂದು ಫೈಲಿಗೂ ಎ, ಬಿ, ಸಿ ಎಂಬ ದರ್ಜೆ ಇರುತ್ತದೆ. ಎ ದರ್ಜೆಯದನ್ನು ಶಾಶ್ವತವಾಗಿ ಇಟ್ಟು ನಕಲು ಚಿತ್ರವನ್ನೂ ತೆಗೆಸಬೇಕು, ಬಿ ದರ್ಜೆಯದನ್ನು ಇಟ್ಟುಕೊಳ್ಳಬೇಕು, ಸಿ ದರ್ಜೆಯದನ್ನು ಗೊತ್ತಾದ ವರ್ಷಗಳ ನಂತರ ಪರಿಶೀಲಿಸಿ ನಾಶಪಡಿಸಬೇಕು. ಒಂದು ಫೈಲು ಉಳಿಯಬೇಕೋ ಅಳಿಯಬೇಕೋ ಎಂಬುದು ಅದನ್ನು ಮುಚ್ಚುವಾಗ ಬರೆದ ಒಂದಕ್ಷರದ ಮೇಲೆ ನಿಂತಿರುತ್ತದೆ. ಆ ಅಕ್ಷರ ಬರೆಯುವವರು ಹೆಚ್ಚಾಗಿ ನನ್ನಂಥವರೇ.

ಈ ಜನರ ಮೊದಲ ಫೈಲನ್ನು ತೆರೆದವರು ಅವರ ಮಿತ್ರರಲ್ಲ, ಬ್ರಿಟಿಷ್ ಸರ್ಕಾರ. 1860ರ ಭಾರತ ದಂಡಸಂಹಿತೆ 1862ರ ಜನವರಿಯಿಂದ ಜಾರಿಗೆ ಬಂತು. ಅದರ 377ನೆಯ ಕಲಮು 'ನಿಸರ್ಗಕ್ಕೆ ವಿರುದ್ಧ'ವಾದ ಸಂಭೋಗವನ್ನು ಅಪರಾಧವೆಂದು ಸಾರಿತು. 1871ರಲ್ಲಿ 'ಅಪರಾಧಿ ಬುಡಕಟ್ಟುಗಳ ಕಾಯಿದೆ' ಬಂದಾಗ ಅದರ ಎರಡನೆಯ ಭಾಗವನ್ನು ಹಿಜ್ರಾಗಳಿಗೆಂದೇ ಬರೆದಿದ್ದರು. ಶಂಕೆಗೊಳಗಾದವರ ಹೆಸರು, ವಾಸಸ್ಥಳಗಳನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕು. ಅವರು ಬಹಿರಂಗವಾಗಿ ಹೆಣ್ಣುಡುಗೆ ಉಡಬಾರದು, ಹಾಡಿ ಕುಣಿಯಬಾರದು. ಚಿಕ್ಕ ಹುಡುಗರನ್ನು ಜೊತೆಯಲ್ಲಿಟ್ಟುಕೊಳ್ಳಬಾರದು. ಮದುವೆಮನೆಯಲ್ಲಿ ಹಾಡಿ ಹರಸಿ ಹೊಟ್ಟೆ ಹೊರೆಯುವವರ ವೃತ್ತಿಯೇ ಅಪರಾಧವಾಯಿತು. ಇವರ ಹೆಸರುಗಳನ್ನು ಕೂಡಿಟ್ಟ ಹಳೆಯ 'ಸಂಗ್ರಹ' ಎಂದರೆ ಪೊಲೀಸ್ ಠಾಣೆಯ ಆ ರಿಜಿಸ್ಟರು. ಇದು ಎಂದೋ ಮುಗಿದ ಕಥೆಯೆಂದು ಭಾವಿಸುವ ಹಾಗಿಲ್ಲ. 2011ರಲ್ಲಿ ನಮ್ಮ ಕರ್ನಾಟಕದ ಪೊಲೀಸ್ ಕಾಯಿದೆಗೆ 36-ಎ ಎಂಬ ಹೊಸ ಕಲಮು ಸೇರಿ, ಮತ್ತೆ ಅಂಥದೇ ರಿಜಿಸ್ಟರಿಗೆ ದಾರಿ ಮಾಡಿತು. ಅದು ಹೈಕೋರ್ಟಿನ ಮುಂದೆ ಪ್ರಶ್ನೆಗೆ ಬಂದು, ಕೊನೆಗೆ ಸರ್ಕಾರವೇ ತಿದ್ದಬೇಕಾಯಿತು.

ತಮ್ಮ ಕಾಗದಗಳನ್ನು ತಾವೇ ಕೂಡಿಡುವ ಪ್ರಯತ್ನ ಮೊದಲು ದೊಡ್ಡದಾಗಿ ನಡೆದದ್ದು ಜರ್ಮನಿಯಲ್ಲಿ. ಬರ್ಲಿನ್ನಿನಲ್ಲಿ 1919ರಲ್ಲಿ ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬವರು ಲೈಂಗಿಕ ವಿಜ್ಞಾನದ ಸಂಸ್ಥೆಯೊಂದನ್ನು ತೆರೆದರು. ಚಿಕಿತ್ಸೆ, ಸಲಹೆ, ಸಂಶೋಧನೆ, ಜೊತೆಗೆ ಭಾರಿ ಪುಸ್ತಕ ಭಂಡಾರ. ಈ ಹಿರ್ಷ್‌ಫೆಲ್ಡ್ 1931ರಲ್ಲಿ ಭಾರತಕ್ಕೂ ಬಂದು ಊರೂರು ಸುತ್ತಿ ಹೋಗಿದ್ದರು. ಅವರು ಮರಳಿ ಬರ್ಲಿನ್ ಸೇರಲೇ ಇಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ, 1933ರ ಮೇ 6ರಂದು, ವಿದ್ಯಾರ್ಥಿಗಳ ಗುಂಪು ಬ್ಯಾಂಡು ಬಾರಿಸುತ್ತ ಬಂದು ಸಂಸ್ಥೆಯನ್ನು ಲೂಟಿ ಮಾಡಿತು. ನಾಲ್ಕು ದಿನಗಳ ನಂತರ ಅಲ್ಲಿನ ಪುಸ್ತಕಗಳನ್ನು ನಗರದ ಚೌಕದಲ್ಲಿ ಬೆಂಕಿಗೆ ಹಾಕಿದರು. ಪ್ಯಾರಿಸಿನಲ್ಲಿದ್ದ ಹಿರ್ಷ್‌ಫೆಲ್ಡ್ ಅದನ್ನು ಸಿನಿಮಾ ಮಂದಿರದಲ್ಲಿ ವಾರ್ತಾಚಿತ್ರದಲ್ಲಿ ನೋಡಿದರಂತೆ. ಎರಡು ವರ್ಷಗಳ ನಂತರ, ತಮ್ಮ 67ನೆಯ ಹುಟ್ಟುಹಬ್ಬದ ದಿನವೇ, ಫ್ರಾನ್ಸಿನಲ್ಲಿ ತೀರಿಕೊಂಡರು. ಆ ಚೌಕದಲ್ಲಿ 1995ರಲ್ಲಿ ಒಂದು ಸ್ಮಾರಕ ಮಾಡಿದ್ದಾರೆ. ನೆಲದಲ್ಲಿ ಕೂರಿಸಿದ ಗಾಜಿನ ಕೆಳಗೆ ಇಣುಕಿದರೆ 20,000 ಪುಸ್ತಕಗಳನ್ನು ಇಡಬಹುದಾದ ಬಿಳಿಯ ಕಪಾಟುಗಳು. ಒಂದರಲ್ಲೂ ಪುಸ್ತಕವಿಲ್ಲ.

ನ್ಯೂಯಾರ್ಕಿನಲ್ಲಿ 1974ರಲ್ಲಿ ಕೆಲವು ಹೆಂಗಸರು ಆರಂಭಿಸಿದ ಸಂಗ್ರಹದ ಕಥೆ ಇಷ್ಟು ಭಯಂಕರವಲ್ಲ. ಅವರಲ್ಲೊಬ್ಬರ ಫ್ಲ್ಯಾಟಿನ ಅಡಿಗೆಮನೆಯ ಉಗ್ರಾಣದಲ್ಲಿ, ಡಬ್ಬಿಗಳಿರಬೇಕಾದ ಜಾಗದಲ್ಲಿ, ಪುಸ್ತಕ, ಪತ್ರ, ಫೋಟೋಗಳನ್ನು ಇಡತೊಡಗಿದರು. ಪ್ರಸಿದ್ಧರದೇ ಆಗಬೇಕೆಂದಿಲ್ಲ, ಯಾರೇ ಸಾಮಾನ್ಯ ಹೆಂಗಸಿನ ಕಾಗದವಾದರೂ ಸರಿ. 1993ರ ಹೊತ್ತಿಗೆ ಅದಕ್ಕೆ ಸ್ವಂತ ಕಟ್ಟಡವೇ ಆಯಿತು. ಮುಂಬಯಿಯ ಒಂದು ಖೋಲಿಯಲ್ಲಿ ನಾಲ್ಕು ಜನ ಇರುವ ನಮಗೆ ಅಡಿಗೆಮನೆಯ ಉಗ್ರಾಣ ಎಂದರೆ ಎಷ್ಟು ಜಾಗವೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ನನಗೆ ಅತ್ಯಂತ ಆಶ್ಚರ್ಯ ತಂದ ವಿಷಯವೆಂದರೆ, ಸಲಿಂಗಪ್ರೇಮಿಗಳ ಬಗ್ಗೆ ಭಾರತದಲ್ಲಿ ಪ್ರಕಟವಾದ ಮೊದಮೊದಲ ಪುಸ್ತಕಗಳಲ್ಲೊಂದನ್ನು ಬರೆದವರು ನಮ್ಮ ಬೆಂಗಳೂರಿನ ಶಕುಂತಲಾ ದೇವಿ. ಹೌದು, ಗಣಿತದ ಶಕುಂತಲಾ ದೇವಿಯೇ! 1980ರ ಜೂನ್ 18ರಂದು ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿ ಗಿನ್ನೆಸ್ ಪುಸ್ತಕ ಸೇರಿದ ಮಹಿಳೆ. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ನಮ್ಮ ದಕ್ಷಿಣ ಮುಂಬಯಿಯಿಂದ ಸ್ಪರ್ಧಿಸಿ ಸೋತಿದ್ದರೆಂಬುದು ಹಿರಿಯರಿಗೆ ನೆನಪಿರಬಹುದು. 1977ರಲ್ಲಿ ಅವರ 'ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್' ಹೊರಬಂತು. ಸಲಿಂಗಪ್ರೇಮಿಗಳಾದ ತರುಣರೊಂದಿಗೆ, ದೇವಸ್ಥಾನದ ಅರ್ಚಕರೊಬ್ಬರೊಂದಿಗೆ, ಕೆನಡಾದಲ್ಲಿ ಮದುವೆಯಾಗಲು ಹೊರಟ ಇಬ್ಬರು ಗಂಡಸರೊಂದಿಗೆ ನಡೆಸಿದ ಸಂಭಾಷಣೆಗಳು ಅದರಲ್ಲಿವೆ. ಇವರನ್ನು ಅಪರಾಧಿಗಳೆನ್ನುವ ಕಾನೂನು ಹೋಗಬೇಕು. ಬರಿಯ ಸಹನೆ ಸಾಲದು, ಪೂರ್ತಿ ಒಪ್ಪಿಗೆ ಬೇಕು ಎಂದು ಆಕೆ ವಾದಿಸಿದ್ದಾರೆ. ತುರ್ತು ಪರಿಸ್ಥಿತಿ ಮುಗಿದ ವರ್ಷ ಅದು! ಪುಸ್ತಕವನ್ನು ಹೆಚ್ಚು ಜನ ಗಮನಿಸಲಿಲ್ಲ. ಅದೇ 1977ರಲ್ಲಿ ಬಂದ ಅವರ ಗಣಿತದ ಪುಸ್ತಕ 'ಫಿಗರಿಂಗ್' ಮಾತ್ರ ಮನೆಮನೆಗೆ ಹೋಯಿತು. ಈ ಎರಡು ಪುಸ್ತಕಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಮುಂಬಯಿಯಲ್ಲಿ 1990ರಲ್ಲಿ ಪತ್ರಕರ್ತ ಅಶೋಕ್ ರಾವ್ ಕವಿ ಮತ್ತು ಗೆಳೆಯರು 'ಬಾಂಬೆ ದೋಸ್ತ್' ಎಂಬ ಪತ್ರಿಕೆ ಹೊರಡಿಸಿದರು. ರಾವ್ ಕವಿಯವರು ಆಗಲೇ 1986ರಲ್ಲಿ ಒಂದು ಮಹಿಳಾ ಪತ್ರಿಕೆಯ ಸಂದರ್ಶನದಲ್ಲಿ ತಮ್ಮ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದವರು. ಮೊದಲ ಸಂಚಿಕೆಗಳು ಬಹು ತೆಳ್ಳಗಿನ ಕೈಹೊತ್ತಗೆಗಳಂತಿದ್ದವು. ಆದರೆ ತನ್ನಂಥವನು ಭೂಮಿಯ ಮೇಲೆ ತಾನೊಬ್ಬನೇ ಎಂದು ತಿಳಿದಿದ್ದವನಿಗೆ ಆ ತೆಳ್ಳಗಿನ ಹಾಳೆಗಳು ಏನಾಗಿದ್ದಿರಬಹುದು! 1994ರಲ್ಲಿ ಇವರೇ ಹಮ್‌ಸಫರ್ ಟ್ರಸ್ಟ್ ಸ್ಥಾಪಿಸಿದರು. ಮುಂಬಯಿ ಮಹಾನಗರಪಾಲಿಕೆ ತನ್ನ ಕಟ್ಟಡವೊಂದರಲ್ಲಿ ಅದಕ್ಕೆ ಜಾಗ ಕೊಟ್ಟಿತು. ಸಾಂತಾಕ್ರೂಜ್ ಪೂರ್ವದ ವಕೋಲಾದಲ್ಲಿ. ಬೊರಿವಲಿಯಿಂದ ಸ್ಲೋ ಲೋಕಲ್ ಹಿಡಿದರೆ ಮುಕ್ಕಾಲು ಗಂಟೆಯೂ ಬೇಡ. ನಾವು ದಿನವೂ ಆ ಸ್ಟೇಷನ್ನನ್ನು ದಾಟುತ್ತಿದ್ದೆವು. ಪತ್ರಿಕೆ 2002ರಲ್ಲಿ ನಿಂತು, 2009ರಲ್ಲಿ ಮತ್ತೆ ಹೊರಬಂತು.

ದೆಹಲಿಯಲ್ಲಿ 1991ರಲ್ಲಿ ಒಂದು ನಾಗರಿಕ ಗುಂಪು 'ಲೆಸ್ ದ್ಯಾನ್ ಗೇ' ಎಂಬ ವರದಿ ತಂದಿತು. ಹೊದಿಕೆ ಗುಲಾಬಿ ಬಣ್ಣದ್ದಾದ್ದರಿಂದ ಅದಕ್ಕೆ 'ಗುಲಾಬಿ ಪುಸ್ತಕ'ವೆಂದೇ ಹೆಸರಾಯಿತು. ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ 'ಸಂಗಮ' ಎಂಬ ಸಂಸ್ಥೆ ಮೊದಲಲ್ಲಿ ಒಂದು ದಾಖಲೆ ಕೇಂದ್ರವೇ. ಪುಸ್ತಕಗಳು, ವರದಿಗಳು, ಪತ್ರಿಕೆಯ ಕತ್ತರಿಗಳು. ಮೊದಲು ಬಂದವರು ಓದು ಬಲ್ಲವರು. ಬಳಿಕ ಪಾರ್ಕುಗಳಲ್ಲಿ ಪೊಲೀಸರ ಲಾಠಿ ತಿಂದವರು, ಹಮಾಮುಗಳಲ್ಲಿ ಬಾಳುವ ಹಿಜ್ರಾಗಳು ಬಂದರು. ದಾಖಲೆ ಕೇಂದ್ರವು ಹೋರಾಟದ ಕೇಂದ್ರವಾಯಿತು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿ.ಯು.ಸಿ.ಎಲ್.ನ ಕರ್ನಾಟಕ ಶಾಖೆ 2001ರಲ್ಲೊಂದು, 2003ರಲ್ಲೊಂದು ವರದಿ ಪ್ರಕಟಿಸಿ, ಇವರ ಮೇಲೆ ನಡೆದ ದೌರ್ಜನ್ಯಗಳನ್ನು ಬರಹಕ್ಕಿಳಿಸಿತು.

ಸಂಗಮದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಎ. ರೇವತಿಯವರದು. ತಮಿಳುನಾಡಿನ ನಾಮಕ್ಕಲ್ ಕಡೆಯ ಹಳ್ಳಿಯಲ್ಲಿ ಗಂಡಾಗಿ ಹುಟ್ಟಿ, ಮನೆ ಬಿಟ್ಟು, ದೆಹಲಿ ಮುಂಬಯಿಗಳಲ್ಲಿ ಹಿಜ್ರಾಗಳ ನಡುವೆ ಬಾಳಿ, ಬೆಂಗಳೂರಿಗೆ ಬಂದು ಸಂಗಮದಲ್ಲಿ ಸಣ್ಣ ಕೆಲಸಕ್ಕೆ ಸೇರಿದವರು. ಅಲ್ಲಿ ಪುಸ್ತಕಗಳ ಸಹವಾಸವಾಯಿತು. ತಮ್ಮಂಥವರ ಬಗ್ಗೆ ಬೇರೆಯವರು ಬರೆದದ್ದನ್ನು ಕಂಡ ಮೇಲೆ ತಾವೇ ಟೇಪು ಹಿಡಿದು ಹೊರಟು ತಮಿಳುನಾಡಿನ ತಮ್ಮ ಸಮುದಾಯದವರ ಮಾತುಗಳನ್ನು ಕಲೆಹಾಕಿದರು. 2004ರಲ್ಲಿ ಅದು ತಮಿಳಿನಲ್ಲಿ ಪುಸ್ತಕವಾಯಿತು. 2010ರಲ್ಲಿ ಅವರ ಆತ್ಮಕಥೆ ಇಂಗ್ಲಿಷಿನಲ್ಲಿ ಬಂತು. ಕನ್ನಡಕ್ಕೆ ಅದನ್ನು ದು. ಸರಸ್ವತಿಯವರು 'ಬದುಕು ಬಯಲು' ಎಂದು ತಂದಿದ್ದಾರೆ. ಗ್ರಂಥಾಲಯಕ್ಕೆ ಕೆಲಸಕ್ಕೆ ಬಂದವರು ಗ್ರಂಥಾಲಯದ ಕಪಾಟನ್ನೇ ಸೇರಿದ ಉದಾಹರಣೆ ನಮ್ಮಲ್ಲಿ ಬಹಳ ಇರಲಾರದು.

ಈಗ ಕಾನೂನಿನ ಕಥೆ. 2009ರ ಜುಲೈ 2ರಂದು ದೆಹಲಿ ಹೈಕೋರ್ಟು, ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ನಡೆಸುವುದಕ್ಕೆ 377ನೆಯ ಕಲಮು ಅನ್ವಯಿಸದೆಂದು ತೀರ್ಪಿತ್ತಿತು. ಅದರ ಮುಂದಿದ್ದ ಪ್ರಮಾಣಪತ್ರಗಳಲ್ಲಿ ಬೆಂಗಳೂರಿನ ಒಬ್ಬ ಹಿಜ್ರಾಳ ಮೇಲೆ ನಡೆದ ಘೋರ ಅತ್ಯಾಚಾರದ ವಿವರವೂ ಇತ್ತು. ಆದರೆ 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರ ಪೀಠ ಅದನ್ನು ತಳ್ಳಿಹಾಕಿತು. ಆ ತೀರ್ಪನ್ನು ಮರುದಿನ ಬೆಳಗಿನ ಲೋಕಲ್ಲಿನಲ್ಲಿ ನಿಂತುಕೊಂಡೇ ಓದಿದೆ. ಅದರ ಕಾರಣಗಳಲ್ಲಿ ಎರಡು ನನ್ನಂಥ ರೆಕಾರ್ಡ್ ರೂಮಿನವನಿಗೆ ನಾಟುವಂಥವು. ಒಂದು, ಈ ಜನರ ಸಂಖ್ಯೆ ತೀರ ಅಲ್ಪ. 150ಕ್ಕೂ ಹೆಚ್ಚು ವರ್ಷಗಳಲ್ಲಿ ಈ ಕಲಮಿನ ಕೆಳಗೆ ಶಿಕ್ಷೆಗೆ ಗುರಿಪಡಿಸಲು ಹೊರಟದ್ದು 200ಕ್ಕೂ ಕಡಿಮೆ ಜನರನ್ನು. ಇನ್ನೊಂದು, ತಾರತಮ್ಯ ನಡೆದಿದೆ ಎನ್ನುವುದಕ್ಕೆ ಬೇಕಾದ ವಿವರಗಳನ್ನು ಅರ್ಜಿದಾರರು ಒದಗಿಸಿಲ್ಲ. ಎಂದರೆ, ಕಾಗದ ಸಾಲದು!

ವಿಲೇಪಾರ್ಲೆ ಬರುವಷ್ಟರಲ್ಲಿ ನನಗೆ ಒಂದು ಟ್ರಂಕು ನೆನಪಾಯಿತು.

ನಾನು ಬೊರಿವಲಿಗೆ ಬಂದ ಹೊಸದರಲ್ಲಿ, ಪೂರ್ವದ ಒಂದು ಚಾಳಿನಲ್ಲಿ, ನಮ್ಮ ಸಾಲಿನ ಕೊನೆಯ ಖೋಲಿಯಲ್ಲಿ ಧಾರವಾಡ ಕಡೆಯ ಒಬ್ಬ ಮಾಸ್ತರರಿದ್ದರು. ಹಗಲು ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆದು, ಸಂಜೆ ಕೋಟೆ ವಿಭಾಗದ ಕನ್ನಡ ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಗಣಿತ ಹೇಳಿ ಸವೆದವರು. ಅವರೊಂದಿಗೆ ಮೂವತ್ತು ವರ್ಷಗಳಿಂದ ಒಬ್ಬ ಮರಾಠಿಯವರಿದ್ದರು. ಗಿರಣಿಯ ಕೆಲಸಗಾರ, 1982ರ ಮುಷ್ಕರದಲ್ಲಿ ಕೆಲಸ ಹೋದ ಮೇಲೆ ಮಾಸ್ತರರೇ ಸಾಕಿದರು. ಇಬ್ಬರೂ ಮದುವೆಯಾಗಿರಲಿಲ್ಲ. ಚಾಳಿನಲ್ಲಿ ಎಲ್ಲರೂ 'ರೂಮ್ ಪಾರ್ಟ್‌ನರ್' ಎನ್ನುತ್ತಿದ್ದರು. ಮುಂಬಯಿಯಲ್ಲಿ ಆ ಮಾತು ಎಲ್ಲವನ್ನೂ ಮುಚ್ಚುತ್ತದೆ. ಆ ಗೆಳೆಯರು ತೀರಿದಾಗ ರತ್ನಾಗಿರಿಯಿಂದ ಅವರ ಅಣ್ಣತಮ್ಮಂದಿರು ಬಂದು ಎಲ್ಲ ಕಾರ್ಯ ಮಾಡಿದರು. ಮಾಸ್ತರರು ದಹನಭೂಮಿಯಲ್ಲಿ ನಮ್ಮ ಜೊತೆ, ಹಿಂದಿನ ಸಾಲಿನಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು 'ಧೈರ್ಯ ತಗೋರಿ ಮಾಸ್ತರ' ಎಂದೆ. 'ನನಗೇನಾಗೇದ ತಮ್ಮಾ' ಎಂದರು.

2008ರ ಮಳೆಗಾಲದಲ್ಲಿ ಮಾಸ್ತರರೂ ಹೋದರು. ಊರಿನಿಂದ ಸೋದರಳಿಯ ಬಂದ. ಖೋಲಿ ಖಾಲಿ ಮಾಡಲು ನಾನು ನೆರವಾದೆ. ಮಂಚದ ಕೆಳಗೆ ತಗಡಿನ ಟ್ರಂಕು. ಅದರಲ್ಲಿ ನ್ಯೂಸ್‌ಪೇಪರಿನ ಹೊದಿಕೆ ಹಾಕಿದ ಪುಸ್ತಕಗಳು, ದಾರ ಕಟ್ಟಿದ ಪತ್ರಗಳು, ಡೈರಿಗಳು, 'ಬಾಂಬೆ ದೋಸ್ತ್'ನ ಹತ್ತಾರು ಸಂಚಿಕೆಗಳು. ಒಂದು ಪುಸ್ತಕದ ಒಳಪುಟದಲ್ಲಿ ಶಕುಂತಲಾ ದೇವಿ ಎಂಬ ಹೆಸರು ಕಂಡು, ಮಾಸ್ತರರ ಗಣಿತದ ಪುಸ್ತಕವಿರಬೇಕೆಂದು ತೆರೆದೆ. ಗಣಿತವಾಗಿರಲಿಲ್ಲ.

ಸೋದರಳಿಯ ಒಂದು ಸಂಚಿಕೆ ಬಿಡಿಸಿ ನೋಡಿ ಮುಖ ಕೆಂಪಗೆ ಮಾಡಿಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. 'ಇವನ್ನ ಊರಿಗೆ ಒಯ್ಯೋದು ಬ್ಯಾಡ್ರಿ' ಎಂದ. ನಾನೇ ರದ್ದಿವಾಲನನ್ನು ಕರೆದೆ. ನಾನೇ ಸುತಳಿಯಿಂದ ಕಟ್ಟಿದೆ, ಹೊದಿಕೆಗಳು ಹೊರಗೆ ಕಾಣದಂತೆ ಜೋಡಿಸಿ. ತಕ್ಕಡಿಗೆ ಹಾಕಿ 82 ರೂಪಾಯಿ ಕೊಟ್ಟ. ಕಚೇರಿಯಲ್ಲಿ ಸಿ ದರ್ಜೆಯ ಫೈಲು ನಾಶಪಡಿಸುವುದಕ್ಕೂ ಮೇಲಧಿಕಾರಿಯ ಸಹಿ ಬೇಕು, ಪಟ್ಟಿ ಬೇಕು. ಇಲ್ಲಿ ಏನೂ ಬೇಕಾಗಲಿಲ್ಲ. ಮಾಸ್ತರರ ಮರ್ಯಾದೆ ಕಾಪಾಡಿದೆನೆಂದೇ ಅಂದು ನನ್ನ ಭಾವನೆ. ಅದೇ ಆಗಸ್ಟ್ 16ರಂದು ಆಗಸ್ಟ್ ಕ್ರಾಂತಿ ಮೈದಾನದಿಂದ ಇವರ ದೊಡ್ಡ ಮೆರವಣಿಗೆ ಹೊರಟಿತ್ತು. ಮರುದಿನ ಪತ್ರಿಕೆಯಲ್ಲಿ ಫೋಟೋ ನೋಡಿದ್ದೆ. ಟ್ರಂಕಿಗೂ ಅದಕ್ಕೂ ನಂಟು ಹಚ್ಚುವಷ್ಟು ಬುದ್ಧಿ ನನಗಿರಲಿಲ್ಲ.

ಮಾಸ್ತರರ ಡೈರಿಗಳಲ್ಲಿ ಏನಿತ್ತೆಂದು ಈಗ ಯಾರಿಗೂ ತಿಳಿಯದು. ಪೊಲೀಸರು ಹೆದರಿಸಿ ಹಣ ಕಿತ್ತದ್ದಿತ್ತೋ, ರಾತ್ರಿಶಾಲೆಯ ಹುಡುಗರ ಅಂಕಪಟ್ಟಿಯಷ್ಟೇ ಇತ್ತೋ. ಕೋರ್ಟಿಗೆ ಅದರಿಂದ ಉಪಯೋಗವಾಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಇಂಥ ಟ್ರಂಕುಗಳು ಎಷ್ಟು ಊರುಗಳಲ್ಲಿ, ಎಷ್ಟು ಮಂಚಗಳ ಕೆಳಗಿದ್ದವೋ. ಅವನ್ನು ನನ್ನಂಥ ಸಭ್ಯರೇ ರದ್ದಿಗೆ ಹಾಕಿರುತ್ತಾರೆ. ಆಮೇಲೆ ಸಂಖ್ಯೆ ಅಲ್ಪ, ವಿವರ ಸಾಲದು ಎಂದರೆ ಬರುವುದೆಲ್ಲಿಂದ?

ಮುಂದಿನದು ಹೆಚ್ಚಿನ ಓದುಗರಿಗೆ ಗೊತ್ತಿರುವುದೇ. ಬೇಗ ಹೇಳಿ ಮುಗಿಸುತ್ತೇನೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವಯಸ್ಸು 80 ದಾಟಿದ ಮೇಲೆ ಆಧಾರ್ ಕಾರ್ಡಿನ ವಿಷಯಕ್ಕೆ ಕೋರ್ಟು ಹತ್ತಿದ ಕನ್ನಡಿಗರು. ಅವರ ಹೆಸರಿನ ತೀರ್ಪೇ 2013ರ ವಾದವನ್ನು, ಸಂಖ್ಯೆ ಅಲ್ಪವಾದ್ದರಿಂದ ಹಕ್ಕಿಲ್ಲವೆನ್ನುವ ಮಾತನ್ನು, ತಪ್ಪೆಂದಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರೂ ಒಮ್ಮತದಿಂದ, ಒಪ್ಪಿಗೆಯಿಂದ ಕೂಡಿದ ವಯಸ್ಕರ ಮಟ್ಟಿಗೆ 377ನ್ನು ತೆಗೆದುಹಾಕಿದರು. ಚರಿತ್ರೆಯು ಈ ಜನರ ಮತ್ತು ಅವರ ಮನೆಯವರ ಕ್ಷಮೆ ಕೇಳಬೇಕಾಗಿದೆ ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. 2024ರ ಜುಲೈ 1ರಿಂದ ದಂಡಸಂಹಿತೆಯೇ ಹೋಗಿ ಹೊಸ ನ್ಯಾಯಸಂಹಿತೆ ಬಂದಿದೆ; ಅದರಲ್ಲಿ ಆ ಕಲಮಿಲ್ಲ. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಕೋರ್ಟು ಕೊಡಲಿಲ್ಲ. ಮಾಸ್ತರರು ಇಂದು ಇದ್ದಿದ್ದರೂ ದಹನಭೂಮಿಯಲ್ಲಿ ಹಿಂದಿನ ಸಾಲಿನಲ್ಲೇ ನಿಲ್ಲುತ್ತಿದ್ದರು.

ಇಷ್ಟರ ನಡುವೆ ನಮ್ಮ ಕನ್ನಡದಲ್ಲಿ ಏನು ನಡೆದಿತ್ತು? ಬಳ್ಳಾರಿ ಜಿಲ್ಲೆಯ ಸಂಡೂರಿನವರಾದ ವಸುಧೇಂದ್ರರು 2013ರಲ್ಲಿ 'ಮೋಹನಸ್ವಾಮಿ' ಕಥಾಸಂಕಲನ ತಂದರು. ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ಹಾಸ್ಯಪ್ರಬಂಧಗಳಿಂದ ಮನೆಮಾತಾಗಿದ್ದವರು. ಮೋಹನಸ್ವಾಮಿಯ ಮೊದಲ ಕಥೆಯನ್ನು ಅವರು ಪತ್ರಿಕೆಯಲ್ಲಿ ಬೇರೆ ಹೆಸರಿನಿಂದ ಪ್ರಕಟಿಸಿದ್ದರು. ಪುಸ್ತಕಕ್ಕೆ ಮಾತ್ರ ಸ್ವಂತ ಹೆಸರನ್ನೇ ಕೊಟ್ಟರು. ತಾವೂ ಸಲಿಂಗಿಯೆಂಬುದನ್ನು ಮರೆಮಾಚಲಿಲ್ಲ. ಪುಸ್ತಕ ಬಂದ ವರ್ಷದ ಕೊನೆಯಲ್ಲೇ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಅಪರಾಧಿಗಳ ಸಾಲಿಗೆ ಸೇರಿಸಿತು. 2016ರಲ್ಲಿ ಅದು ಇಂಗ್ಲಿಷಿಗೂ ಹೋಯಿತು. ಜೋಗತಿ ಮಂಜಮ್ಮನವರ ಕಥೆಯನ್ನು ಅರುಣ್ ಜೋಳದಕೂಡ್ಲಿಗಿಯವರು 'ನಡುವೆ ಸುಳಿವ ಹೆಣ್ಣು' ಎಂದು ಬರೆದಿದ್ದಾರೆ. ಹೆಸರು ಕೇಳಿದೊಡನೆ ಜೇಡರ ದಾಸಿಮಯ್ಯನ ವಚನ ನೆನಪಾಗುತ್ತದೆ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಭಿಕ್ಷೆ ಎತ್ತಿ, ಜೋಗತಿ ನೃತ್ಯ ಕಲಿತ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರ ಪದ್ಮಶ್ರೀ ಪಡೆದರು. ಸವದತ್ತಿ ಗುಡ್ಡದ ಜಾತ್ರೆಗೆ ಹೋಗಿ ಜೋಗಪ್ಪನ ಕೈಯಿಂದ ಭಂಡಾರ ಹಚ್ಚಿಸಿಕೊಂಡು ಬರುವ ನಮ್ಮ ಮನೆಯವರಿಗೆ ಇದೆಲ್ಲ ಪರದೇಶದಿಂದ ಬಂದ ವಿಚಾರವೆಂದು ಹೇಳುವವರನ್ನು ಕಂಡರೆ ನಗು ಬರುತ್ತದೆ. ಪರದೇಶದಿಂದ ಬಂದದ್ದು 377.

ಉಪನಗರದ ಒಂದು ಕನ್ನಡ ವಾಚನಾಲಯ ನನಗೆ ಗೊತ್ತು. ಮೂರು ಕಪಾಟು, ಭಾನುವಾರ ಬೆಳಿಗ್ಗೆ ಎರಡು ಗಂಟೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಪುಸ್ತಕಗಳಲ್ಲಿ 'ಮೋಹನಸ್ವಾಮಿ'ಯೂ ಬಂತು. 'ಹೆಣ್ಣುಮಕ್ಕಳು ಬರೋ ಜಾಗ' ಎಂದು ಅದನ್ನು ಹಿಂದಿನ ಸಾಲಿಗೆ, ಹಳೆಯ ಪಂಚಾಂಗಗಳ ಮರೆಗೆ ಸರಿಸಿದರು. ಅನುಕ್ರಮ ಸಂಖ್ಯೆಯನ್ನೂ ಹಾಕಲಿಲ್ಲ. ಆರು ತಿಂಗಳ ಬಳಿಕ ನಾನು ಹುಡುಕಿ ತೆಗೆದೆ. ಎರವಲು ರಿಜಿಸ್ಟರಿನಲ್ಲಿ ಒಂದು ಹೆಸರೂ ಇಲ್ಲ. ಪುಸ್ತಕದ ಬೆನ್ನು ಮಾತ್ರ ಮೂರು ಕಡೆ ಬಿರಿದಿತ್ತು, ಕೆಲವು ಪುಟಗಳ ಮೂಲೆ ಮಡಿಸಿತ್ತು. ನಮ್ಮ ಮನೆಗಳಲ್ಲೇ ಯಾರೋ, ಒಬ್ಬರಲ್ಲ ಹಲವರು, ಒಯ್ದು ಓದಿ ಸದ್ದಿಲ್ಲದೆ ತಂದಿಟ್ಟಿದ್ದಾರೆ. ಅವರು ಯಾರೆಂದು ತಿಳಿಯುವ ಆಸೆ ನನಗಿಲ್ಲ. ಅನುಕ್ರಮ ಸಂಖ್ಯೆ ಹಾಕಿ, ಮುಂದಿನ ಸಾಲಿನಲ್ಲಿಡಿ. ಜೊತೆಗೆ 'ಬದುಕು ಬಯಲು', 'ನಡುವೆ ಸುಳಿವ ಹೆಣ್ಣು' ಇವೆರಡನ್ನೂ ಈ ವರ್ಷದ ಖರೀದಿಯಲ್ಲಿ ಸೇರಿಸಿ ಎಂದು ಸಮಿತಿಗೆ ಚೀಟಿ ಕೊಟ್ಟಿದ್ದೇನೆ. ಮುಂದಿನ ಸಭೆಗೆ ಬರುತ್ತದಂತೆ.

ಟ್ರಂಕಿನದೆಲ್ಲ ಹೋಯಿತೆಂದೆನಲ್ಲ, ಒಂದು ಉಳಿದಿದೆ. ಇಲಾಖಾ ಪರೀಕ್ಷೆಗೆ ಓದುತ್ತಿದ್ದಾಗ ಮಾಸ್ತರರು ನನಗೆ ಎರವಲು ಕೊಟ್ಟ 'ಫಿಗರಿಂಗ್', ಶಕುಂತಲಾ ದೇವಿಯ ಗಣಿತದ್ದು. ಮರಳಿಸಿರಲಿಲ್ಲ. ಅದರ ಮೊದಲ ಪುಟದಲ್ಲಿ ಎರಡು ಕೈಬರಹಗಳಿವೆ, ಮಾಸ್ತರರ ಹೆಸರು ಕನ್ನಡದಲ್ಲಿ, ಗೆಳೆಯರದು ಮರಾಠಿಯಲ್ಲಿ, ಒಂದೇ ಶಾಯಿ, ಕೆಳಗೆ 'ದೀಪಾವಳಿ 1979'. ಬೆಂಗಳೂರಿನವರಿಗೆ ಗಣಿತದ ಪುಸ್ತಕ ಬೇಕಾದೀತೋ ಇಲ್ಲವೋ ಕೇಳಬೇಕು. ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಈ ಸಲ ಬೆಂಗಳೂರಿನ ಮೇಲಿಂದ ಹೋಗುವುದೆಂದು ಟಿಕೆಟು ತೆಗೆಸಿದ್ದೇನೆ.